ಆಯಿಯ ಬಲಗೈ

ನಮ್ಮ ಕಡೆ 65 ದಾಟಿದವರ ಅಡುಗೆಮನೆಯನ್ನು ಒಮ್ಮೆ ಗಮನವಿಟ್ಟು ನೋಡಿ. ಡಬ್ಬಿಗಳೆಲ್ಲ ಕೆಳಗೆ ಇಳಿದಿರುತ್ತವೆ. ನಾಗಂದಿಗೆಯ ಮೇಲಿದ್ದ ಉಪ್ಪಿನಕಾಯಿ ಭರಣಿ ಕಟ್ಟೆಯ ಮೂಲೆಗೆ ಬಂದಿರುತ್ತದೆ. ಬಟ್ಟೆ ಒಣಹಾಕುವ ತಂತಿ ಎದೆಮಟ್ಟಕ್ಕೆ ಇಳಿದಿರುತ್ತದೆ. ತಲೆ ಮೇಲಿಂದ ಹಾಕಿಕೊಳ್ಳುವ ಬನಿಯನ್ ಹೋಗಿ, ಮುಂದೆ ಗುಂಡಿ ಇರುವ ಅಂಗಿ ಬಂದಿರುತ್ತದೆ. ಶಿರಸಿ ಬಸ್ಸಿನಲ್ಲಿ ಎಷ್ಟೋ ಹಿರಿಯರು ಮೇಲಿನ ಸರಳು ಹಿಡಿಯುವುದಿಲ್ಲ, ಸೀಟಿನ ಬೆನ್ನು ಹಿಡಿದು ನಿಲ್ಲುತ್ತಾರೆ. ಕೇಳಿದರೆ "ವಯಸ್ಸಾತಲ" ಎನ್ನುತ್ತಾರೆ. ಯಾರೂ ಇದನ್ನು ಕಾಯಿಲೆ ಎನ್ನುವುದಿಲ್ಲ. ಕೈ ಏಳುವಷ್ಟರ ಒಳಗೇ ಮನೆಯನ್ನು ಹೊಂದಿಸಿಕೊಂಡು ಬದುಕುತ್ತಾರೆ.

ಕೆಲವು ವರ್ಷಗಳಿಂದ ಈ ವಿಷಯ ನನ್ನ ತಲೆ ಕೊರೆಯುತ್ತಿದೆ. ಕಾರಣ, ಒಂದೇ ವರ್ಷದಲ್ಲಿ ನನಗೆ ಹತ್ತಿರದ ಇಬ್ಬರ ಭುಜ ಕೈಕೊಟ್ಟಿತು. ಒಬ್ಬಳು ನನ್ನ ಆಯಿ, ಅಂದರೆ ಅಮ್ಮ. ಇನ್ನೊಬ್ಬರು ನಮ್ಮ ಅಡಿಕೆ ತೋಟಕ್ಕೆ ಮರ ಹತ್ತಿ ಕೊನೆ (ಅಡಿಕೆ ಗೊಂಚಲು) ಕೊಯ್ಯಲು ಬರುತ್ತಿದ್ದ ಕೊನೆಗೌಡರು. ಇಬ್ಬರದ್ದೂ ಬಲಗೈ. ಇಬ್ಬರಿಗೂ ಹರಿದದ್ದು ಭುಜದ ಒಳಗೆ ಸ್ನಾಯುವನ್ನು ಎಲುಬಿಗೆ ಕಟ್ಟುವ ಪಟ್ಟಿ, ಟೆಂಡನ್. ಆದರೆ ಅವಸರ ಬೇಡದ ಕಡೆ ಆಪರೇಷನ್ನಿನ ಅವಸರ ಮಾಡಿದರು. ಒಂದು ದಿನವೂ ಕಾಯಬಾರದಾಗಿದ್ದ ಕಡೆ ಎಣ್ಣೆ ತಿಕ್ಕುತ್ತ ಮಳೆಗಾಲ ಕಳೆದರು. ಅಲ್ಲಿಂದ ಇಲ್ಲಿಯವರೆಗೆ ಓದಿದ್ದು, ಡಾಕ್ಟರುಗಳನ್ನು ಕೇಳಿದ್ದು, ಕಣ್ಣಾರೆ ಕಂಡಿದ್ದು ಎಲ್ಲ ಒಂದು ಕಡೆ ಬರೆದಿಡಬೇಕು ಅನಿಸಿತು. ನಮ್ಮ ಜಿಲ್ಲೆಯ ಎಷ್ಟೋ ಮನೆಗಳಲ್ಲಿ ಇದೇ ಕತೆ ನಡೆಯುತ್ತಿದೆ.

ಏಣಿಯ ಬುಡ ಹಿಡಿಯುವವರು

ಭುಜದ ಕೀಲು ಉಳಿದ ಕೀಲುಗಳಂತಲ್ಲ. ಸೊಂಟದಲ್ಲಿ ತೊಡೆಯ ಎಲುಬಿನ ತಲೆ ಆಳವಾದ ಗುಳಿಯೊಳಗೆ ಭದ್ರವಾಗಿ ಕೂತಿರುತ್ತದೆ. ಭುಜದಲ್ಲಿ ಆ ಗುಳಿ ತೀರಾ ಚಿಕ್ಕದು, ಆಳವೂ ಇಲ್ಲ. ಹಾಗಾಗಿಯೇ ಕೈಯನ್ನು ಇಷ್ಟು ದಿಕ್ಕಿಗೆ ತಿರುಗಿಸಲು ಬರುತ್ತದೆ. ಆದರೆ ತೋಳಿನ ಎಲುಬಿನ ತಲೆಯನ್ನು ಅದರ ಜಾಗದಲ್ಲಿ ಹಿಡಿದಿಡುವುದು ಬರೀ ಎಲುಬಿನಿಂದ ಆಗುವ ಕೆಲಸವಲ್ಲ. ಅದನ್ನು ನಾಲ್ಕು ಸಣ್ಣ ಸ್ನಾಯುಗಳು ಮಾಡುತ್ತವೆ. ಬೆನ್ನಿನ ಹಲಗೆ ಎಲುಬಿನಿಂದ ಹೊರಟು, ಟೆಂಡನ್ ಎಂಬ ಗಟ್ಟಿ ಪಟ್ಟಿಗಳಾಗಿ ತೋಳಿನ ಎಲುಬಿನ ತಲೆಗೆ ಅಂಟಿಕೊಳ್ಳುತ್ತವೆ. ನಾಲ್ಕನ್ನೂ ಸೇರಿಸಿ ರೊಟೇಟರ್ ಕಫ್ ಎನ್ನುತ್ತಾರೆ. ಮೇಲುಗಡೆಯದು ಸುಪ್ರಾಸ್ಪೈನೇಟಸ್. ಜಾಸ್ತಿ ಹರಿಯುವುದು ಇದೇ.

ತೋಟದಲ್ಲಿ ಉದ್ದದ ಏಣಿ ಎತ್ತಿ ನಿಲ್ಲಿಸುವುದನ್ನು ನೋಡಿದವರಿಗೆ ಮುಂದಿನದು ಸಲೀಸಾಗಿ ಅರ್ಥವಾಗುತ್ತದೆ. ಒಬ್ಬ ತುದಿ ಹಿಡಿದು ಎತ್ತುತ್ತಾ ಬರುತ್ತಾನೆ. ಇನ್ನೊಬ್ಬ ಬುಡಕ್ಕೆ ಕಾಲು ಕೊಟ್ಟು ನಿಲ್ಲುತ್ತಾನೆ. ಬುಡ ಹಿಡಿಯುವವನು ಇಲ್ಲದಿದ್ದರೆ ಎತ್ತುವವನಿಗೆ ಎಷ್ಟೇ ಬಲವಿದ್ದರೂ ಏಣಿ ಹಿಂದೆ ಜಾರುತ್ತದೆಯೇ ಹೊರತು ಮೇಲೆ ಏಳುವುದಿಲ್ಲ. ಕೈಯನ್ನು ಎತ್ತುವುದು ಡೆಲ್ಟಾಯ್ಡ್ ಎಂಬ ದೊಡ್ಡ ಸ್ನಾಯು, ತೋಳಿನ ಮೇಲ್ಭಾಗದಲ್ಲಿ ದುಂಡಗೆ ಕೈಗೆ ಸಿಗುತ್ತದಲ್ಲ, ಅದು. ಬುಡ ಹಿಡಿಯುವವರು ಈ ನಾಲ್ವರು. ಅವರಲ್ಲಿ ಒಬ್ಬ ಕೈಬಿಟ್ಟರೂ ಉಳಿದ ಮೂವರು ಗಟ್ಟಿಯಿದ್ದರೆ ಕೈ ಏಳುತ್ತದೆ. ಹರಿದ ಟೆಂಡನ್ ವ್ಯಾಯಾಮ ಮಾಡಿದರೆ ಕೂಡಿಕೊಳ್ಳುವುದಿಲ್ಲ. ಉಳಿದವು ಅದರ ಪಾಲಿನ ಕೆಲಸವನ್ನೂ ಕಲಿಯುತ್ತವೆ. ಇದು ತಲೆಗೆ ಹೋಗುವವರೆಗೆ ನನಗೆ ಫಿಸಿಯೋಥೆರಪಿಯ ಮೇಲೆ ಅಷ್ಟು ನಂಬಿಕೆ ಇರಲಿಲ್ಲ. ಹರಿದದ್ದಕ್ಕೆ ಕಸರತ್ತು ಏನು ಮಾಡೀತು ಎಂದು ಯಾರಿಗಾದರೂ ಅನಿಸುತ್ತದೆ ಅಲ್ವಾ?

ವಯಸ್ಸಾದಂತೆ ಈ ಟೆಂಡನ್ನುಗಳು ತಾವಾಗಿಯೇ ಸವೆಯುತ್ತವೆ. ಸಕ್ಕರೆ ಕಾಯಿಲೆ, ಬೀಡಿ ಸಿಗರೇಟು, ವರ್ಷಗಟ್ಟಲೆ ತಲೆಗಿಂತ ಮೇಲೆ ಕೈ ಎತ್ತಿ ಮಾಡುವ ಕೆಲಸ ಇವೆಲ್ಲ ಸವೆತ ಹೆಚ್ಚಿಸುತ್ತವೆ. ಆದರೆ ಹರಿದ ಎಲ್ಲರಿಗೂ ನೋವು ಇರುವುದಿಲ್ಲ. ಜಪಾನಿನ ಒಂದು ಹಳ್ಳಿಯಲ್ಲಿ 664 ಜನರ ಭುಜಗಳನ್ನು ಅಲ್ಟ್ರಾಸೌಂಡ್ ಮಾಡಿ ನೋಡಿದ್ದರು. ಅದರ ವರದಿ ಬಂದದ್ದು 2013ರಲ್ಲಿ. ನೂರಕ್ಕೆ ಸುಮಾರು 22 ಜನರಿಗೆ ಟೆಂಡನ್ ಪೂರ್ತಿ ಹರಿದಿತ್ತು. ಎಂಬತ್ತರ ಆಸುಪಾಸಿನವರಲ್ಲಿ ಮೂವರಲ್ಲಿ ಒಬ್ಬರಿಗಿಂತ ಹೆಚ್ಚು. ಹೀಗೆ ಹರಿದವರಲ್ಲಿ ಮೂರರಲ್ಲಿ ಎರಡು ಪಾಲು ಜನಕ್ಕೆ ಯಾವ ತೊಂದರೆಯೂ ಇರಲಿಲ್ಲ. ಅವರು ತಮ್ಮ ಪಾಡಿಗೆ ಆರಾಮಾಗಿ ಇದ್ದ ಹಳ್ಳಿಯ ಜನ. ಅಂದರೆ 70 ದಾಟಿದವರ ಎಂಆರ್‌ಐ ತೆಗೆದರೆ ಏನೋ ಒಂದು ಹರಿದಿರುವುದು ಕಾಣುವ ಸಾಧ್ಯತೆ ಚೆನ್ನಾಗಿಯೇ ಇದೆ. ಈಗಿನ ನೋವಿಗೆ ಅದೇ ಕಾರಣವೋ, ಅದು ಎಷ್ಟು ಹಳೆಯದು ಎಂಬುದನ್ನೆಲ್ಲ ಚಿತ್ರವೊಂದನ್ನೇ ನೋಡಿ ತೀರ್ಮಾನಿಸಲು ಬರುವುದಿಲ್ಲ.

ಎರಡು ಕೋಣೆಗಳು

ಆಯಿಗೆ ನೋವು ಶುರುವಾದದ್ದು ಯಾವಾಗ ಎಂದು ಅವಳಿಗೇ ಗೊತ್ತಿಲ್ಲ. ಬಿದ್ದಿಲ್ಲ, ಉಳುಕಿಲ್ಲ. ಮೊದಲು ಬಲಮಗ್ಗುಲಿಗೆ ಮಲಗುವುದು ನಿಂತಿತು. ಆಮೇಲೆ ರಾತ್ರಿ ಎರಡು ಗಂಟೆಗೆ ಎದ್ದು ಜಗಲಿಯಲ್ಲಿ ಕೂರುವುದು ಶುರುವಾಯಿತು. ಈ ನೋವಿನ ಸ್ವಭಾವವೇ ಹಾಗೆ, ಹಗಲಿಗಿಂತ ರಾತ್ರಿ ಜಾಸ್ತಿ. ಹಗಲು ಮೆಟಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುತ್ತಿದ್ದಳು. ಮೊಣಕೈ ಪಕ್ಕೆಯಲ್ಲೇ ಇರುವ ಕೆಲಸಕ್ಕೆ ಅಡ್ಡಿ ಇರಲಿಲ್ಲ. ತಲೆ ಬಾಚಲು ಕೈ ಹಿಂದಕ್ಕೆ ಹೋಗುತ್ತಿರಲಿಲ್ಲ. ಹಾಗಾಗಿ ಅತ್ತಿಗೆ ಬಾಚಿಕೊಡುತ್ತಿದ್ದಳು.

ಹುಬ್ಬಳ್ಳಿಗೆ ಕರೆದುಕೊಂಡು ಹೋದೆವು. ಶಿರಸಿಯವರಿಗೆ ದೊಡ್ಡ ತಪಾಸಣೆ ಅಂದರೆ ಹುಬ್ಬಳ್ಳಿ, ಸುಮಾರು 100 ಕಿಲೋಮೀಟರ್. ಘಟ್ಟದ ಕೆಳಗಿನವರು ಮಣಿಪಾಲಕ್ಕೋ ಮಂಗಳೂರಿಗೋ ಹೋಗುತ್ತಾರೆ, ಕಾರವಾರದವರು ಗೋವಾಕ್ಕೆ. ಎಂಆರ್‌ಐ ಆಯಿತು. ಡಾಕ್ಟರು ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿದರು. "ಪೂರ್ತಿ ಹರಿದಿದೆ. ಹೊಲಿಗೆ ಹಾಕಬೇಕು. ತಡ ಮಾಡಿದರೆ ಕೈ ಮೇಲಾಗುವುದಿಲ್ಲ" ಎಂದರು. ದಿನಾಂಕವನ್ನೂ ಸೂಚಿಸಿದರು. ಆಯಿಯ ಕೈಯನ್ನು ಅವರು ಮುಟ್ಟಲಿಲ್ಲ. ಹೊರಗೆ ಬಂದ ಮೇಲೆ ಆಯಿ ಮಾತೇ ಆಡಲಿಲ್ಲ. ಮುಂಡಗೋಡು ದಾಟಿದ ಮೇಲೆ ಒಂದೇ ಒಂದು ಸಲ, "ಹರಿದದ್ದು ಇನ್ನೂ ಹರೀತಾ ಹೋಗ್ತಡಾ?" ಎಂದು ಕೇಳಿದಳು. ಎದೆಗೆ ಆನಿಸಿಕೊಂಡಿದ್ದ ಕೈಯನ್ನು ಮನೆ ಮುಟ್ಟುವವರೆಗೆ ಅಲುಗಿಸಲಿಲ್ಲ. ಆ ವರದಿ ಬಂದ ಮೇಲೆ ಅವಳು ಕೈ ಬಳಸುವುದನ್ನೇ ಬಿಟ್ಟಳು. ಅದಕ್ಕೂ ಮೊದಲು ನೋವಿನಲ್ಲೇ ಹೇಗೋ ಆಡಿಸುತ್ತಿದ್ದ ಕೈ ಅದು. ಈಗ ಹೆದರಿಕೆಯಿಂದ ಕಟ್ಟಿಹೋಯಿತು. ಇದನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಇನ್ನೊಂದು ಅಭಿಪ್ರಾಯ ಕೇಳೋಣ ಎಂದು ಕರಾವಳಿಯ ಬೇರೊಂದು ಆಸ್ಪತ್ರೆಗೆ ಹೋದೆವು. ಅಲ್ಲಿದ್ದವರು ಲೇಡಿ ಡಾಕ್ಟರು. ಫಿಲ್ಮಿನ ಕವರನ್ನು ಮೇಜಿನ ಮೇಲೇ ಬಿಟ್ಟು ಆಯಿಯ ಪಕ್ಕಕ್ಕೆ ಸ್ಟೂಲು ಎಳೆದುಕೊಂಡು ಕೂತರು. ಕೈ ಎತ್ತಿ ಎಂದರು. ಎದೆಮಟ್ಟಕ್ಕೆ ಬಂದು ನಿಂತಿತು, ಹೆಗಲು ಮಾತ್ರ ಕಿವಿಯ ಹತ್ತಿರ ಹೋಯಿತು. ಆಮೇಲೆ ಅವರೇ ಒಂದು ಕೈಯಲ್ಲಿ ಮೊಣಕೈ, ಇನ್ನೊಂದರಲ್ಲಿ ಮಣಿಕಟ್ಟು ಹಿಡಿದು ನಿಧಾನವಾಗಿ ಎತ್ತಿದರು. ಕೈ ಮೇಲಿನವರೆಗೂ ಹೋಯಿತು. ಆಯಿಗೇ ಆಶ್ಚರ್ಯ. "ಕೀಲು ಬಿಗಿದಿಲ್ಲ, ಒಳ್ಳೆಯದಾಯಿತು" ಎಂದರು ಡಾಕ್ಟರು. ಕೀಲಿನ ಚೀಲವೇ ಬಿಗಿದುಕೊಂಡಿದ್ದರೆ, ಅಂದರೆ ಫ್ರೋಜನ್ ಶೋಲ್ಡರ್ ಆಗಿದ್ದರೆ, ಬೇರೆಯವರು ಎತ್ತಿದರೂ ಕೈ ಏಳುವುದಿಲ್ಲ. ಟೆಂಡನ್ ಹರಿದಿದ್ದರೆ ತಾನಾಗಿ ಏಳದ ಕೈ ಬೇರೆಯವರು ಎತ್ತಿದರೆ ಸಾಮಾನ್ಯವಾಗಿ ಏಳುತ್ತದೆ. ಸಕ್ಕರೆ ಕಾಯಿಲೆ ಇದ್ದವರಿಗೆ ಈ ಬಿಗಿಯುವ ರೋಗ ಹೆಚ್ಚು. ಆಯಿಗೂ ಸಕ್ಕರೆ ಇದೆ, ಹಾಗಾಗಿ ಅದನ್ನು ಮೊದಲು ನೋಡಿದರು. ಕುತ್ತಿಗೆ ತಿರುಗಿಸಿ ನೋಡಿದರು, ಕುತ್ತಿಗೆಯ ನರದಿಂದಲೂ ಭುಜಕ್ಕೆ ನೋವು ಬರುತ್ತದಂತೆ. (ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಎಡಭುಜ, ಎಡಗೈಯಲ್ಲಿ ಇದ್ದಕ್ಕಿದ್ದಂತೆ ನೋವು, ಜೊತೆಗೆ ಎದೆ ಬಿಗಿತ, ಬೆವರು, ಉಸಿರು ಕಟ್ಟಿದ ಹಾಗೆ ಆದರೆ ಅದು ಭುಜದ ವಿಷಯವೇ ಅಲ್ಲ. ಹೃದಯದ್ದಿರಬಹುದು. ಎಣ್ಣೆ ತಿಕ್ಕುತ್ತಾ ಕೂರದೆ ತಕ್ಷಣ ಆಸ್ಪತ್ರೆಗೆ ಓಡಬೇಕು.)

ಇದೆಲ್ಲ ಆದ ಮೇಲೆ ಫಿಲ್ಮ್ ನೋಡಿದರು. ನೋಡಿ ಕೆಳಗಿಟ್ಟು, "ಅಮ್ಮಾ, ಈ ಕೈಯಿಂದ ನಿಮಗೆ ಏನೇನು ಆಗಬೇಕು?" ಎಂದು ಕೇಳಿದರು. ಆಯಿ ಸ್ವಲ್ಪ ಹೊತ್ತು ಯೋಚಿಸಿದಳು. "ನನ್ನ ತುರುಬು ನಾನೇ ಕಟ್ಟಿಕೊಳ್ಳಬೇಕು. ರಾತ್ರಿ ನಿದ್ದೆ ಬರಬೇಕು" ಎಂದಳು. ಆ ಮಾತನ್ನು ಡಾಕ್ಟರು ಚೀಟಿಯ ಮೇಲೆ ಬರೆದುಕೊಂಡರು. ಆಮೇಲೆ ನಿಧಾನವಾಗಿ ಹೇಳಿದರು. "ಇದು ಹಳೆಯ ಹರುಕು. ಇವತ್ತೋ ನಾಳೆಯೋ ಹೊಲಿಯದಿದ್ದರೆ ಕೆಟ್ಟುಹೋಗುತ್ತದೆ ಎನ್ನುವಂಥದ್ದಲ್ಲ. ಮೂರು ತಿಂಗಳು ಸರಿಯಾಗಿ ವ್ಯಾಯಾಮ ಮಾಡಿ. ಆಮೇಲೂ ತುರುಬು ಕಟ್ಟಲು ಆಗದಿದ್ದರೆ, ನಿದ್ದೆ ಬರದಿದ್ದರೆ, ಆಪರೇಷನ್ ಮಾತು ಆಗ ಆಡೋಣ."

ಈ ಸಲಹೆ ಅವರ ಸ್ವಂತ ಅಂದಾಜಲ್ಲ ಎಂದು ನನಗೆ ಆಮೇಲೆ ಓದಿದಾಗ ತಿಳಿಯಿತು. ಅಮೆರಿಕದಲ್ಲಿ ಪೆಟ್ಟು ಬೀಳದೆ ತಾನಾಗಿ ಪೂರ್ತಿ ಹರಿದ 452 ಜನರಿಗೆ ಮೊದಲು ವ್ಯಾಯಾಮವನ್ನೇ ಕೊಟ್ಟು ನೋಡಿದರು. ಎರಡು ವರ್ಷ ಕಳೆದರೂ ನಾಲ್ಕರಲ್ಲಿ ಮೂರು ಪಾಲು ಜನಕ್ಕೆ ಆಪರೇಷನ್ ಬೇಕಾಗಲಿಲ್ಲ. ಫಿನ್ಲೆಂಡಿನಲ್ಲಿ 55 ದಾಟಿದವರನ್ನು ಮೂರು ಗುಂಪು ಮಾಡಿದರು. ಒಂದಕ್ಕೆ ಬರೀ ವ್ಯಾಯಾಮ, ಒಂದಕ್ಕೆ ವ್ಯಾಯಾಮದ ಜೊತೆ ಮೇಲಿನ ಎಲುಬು ಕೆರೆಯುವ ಆಪರೇಷನ್, ಇನ್ನೊಂದಕ್ಕೆ ಅದರ ಜೊತೆ ಹೊಲಿಗೆಯೂ. 2014ರಲ್ಲಿ ಬಂದ ಅದರ ಒಂದು ವರ್ಷದ ಫಲಿತಾಂಶದಲ್ಲಿ ಮೂರೂ ಗುಂಪುಗಳ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ಇದಕ್ಕೆ ಇನ್ನೊಂದು ಮಗ್ಗುಲೂ ಇದೆ, ಅದನ್ನು ಬಿಟ್ಟರೆ ತಪ್ಪಾಗುತ್ತದೆ. ನಾರ್ವೆಯಲ್ಲಿ ಸಣ್ಣ ಮತ್ತು ಮಧ್ಯಮ ಹರುಕಿನವರನ್ನು ಹತ್ತು ವರ್ಷ ಹಿಂಬಾಲಿಸಿದಾಗ ಹೊಲಿಗೆ ಹಾಕಿಸಿಕೊಂಡವರ ಭುಜ ಸ್ವಲ್ಪ ಮೇಲಾಗಿತ್ತು, ಹೊಲಿಯದೆ ಬಿಟ್ಟ ಕೆಲವರಲ್ಲಿ ಹರುಕು ಅಗಲವಾಗಿತ್ತು. ಐವತ್ತೈದರ ಗಟ್ಟಿಮುಟ್ಟಾದ ಕೆಲಸಗಾರನಿಗೆ ಆ ಹತ್ತು ವರ್ಷ ದೊಡ್ಡದು. ಎಪ್ಪತ್ತನಾಲ್ಕರ ಆಯಿಗೆ ಲೆಕ್ಕ ಬೇರೆ.

"ಇದೆಂತಾ ಔಷಧನೇ ಕೂಸೇ?"

ಆಯಿಯನ್ನು ಕುಮಟೆಯ ನನ್ನ ಮನೆಗೆ ಕರೆತಂದೆ. ಫಿಸಿಯೋಥೆರಪಿಗೆ ಅವಳ ಊರಿನಿಂದ ದಿನಾ ಶಿರಸಿಗೆ ಹೋಗಿಬರುವುದು ಆಗುವ ಮಾತಲ್ಲ. ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಬಸ್ ಟಿಕೆಟ್ಟಿನ ಖರ್ಚಿಲ್ಲ, ನಿಜ. ಆದರೆ ಆ ಎತ್ತರದ ಮೆಟ್ಟಿಲು ಹತ್ತಲು ಸರಳು ಹಿಡಿದು ಮೈ ಎಳೆದುಕೊಳ್ಳಬೇಕು. ನೋಯುವ ಭುಜಕ್ಕೆ ಅದೇ ದೊಡ್ಡ ಶಿಕ್ಷೆ.

ಮೊದಲ ವಾರಗಳು ಕಷ್ಟದವು. ನೋವು ಇಳಿಯದೆ ವ್ಯಾಯಾಮ ಮಾಡಲು ಆಗುವುದಿಲ್ಲ, ವ್ಯಾಯಾಮ ಮಾಡದೆ ನೋವು ಇಳಿಯುವುದಿಲ್ಲ. ನೋವಿನ ಗುಳಿಗೆಯನ್ನು ವಯಸ್ಸಾದವರಿಗೆ ಕಣ್ಣುಮುಚ್ಚಿ ಕೊಡಲು ಬರುವುದಿಲ್ಲ. ಡೈಕ್ಲೋಫೆನಾಕ್‌ನಂಥವು ಹೊಟ್ಟೆ, ಕಿಡ್ನಿ, ಬಿಪಿ ಮೂರನ್ನೂ ಕೆಡಿಸಬಲ್ಲವು. ಅಂಗಡಿಯಲ್ಲಿ ಕೇಳಿದ ಕೂಡಲೇ ಸಿಗುತ್ತವೆ ಎನ್ನುವುದೇ ನಮ್ಮ ಕಡೆಯ ಅಪಾಯ. ಕೊನೆಗೆ ಡಾಕ್ಟರು ಭುಜಕ್ಕೆ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟರು. ಸಕ್ಕರೆ ಕೆಲವು ದಿನ ಏರುತ್ತದೆ, ನೋಡಿಕೊಳ್ಳಿ ಎಂದು ಮೊದಲೇ ಎಚ್ಚರಿಸಿದ್ದರು. ಹಾಗೇ ಆಯಿತು. ಆದರೆ ನಿದ್ದೆ ಬಂತು. ಈ ಇಂಜೆಕ್ಷನ್ನಿನ ಗುಣ ಕೆಲವು ವಾರಗಳದ್ದು. ಹರಿದದ್ದಕ್ಕೆ ಅದು ಏನನ್ನೂ ಮಾಡುವುದಿಲ್ಲ, ಮತ್ತೆ ಮತ್ತೆ ಹಾಕಿಸಿಕೊಂಡರೆ ಇರುವ ಟೆಂಡನ್ನೂ ದುರ್ಬಲವಾಗುತ್ತದೆ. ನೋವು ಇಳಿದ ಆ ದಿನಗಳನ್ನು ವ್ಯಾಯಾಮಕ್ಕೆ ಬಳಸಿಕೊಂಡರೆ ಮಾತ್ರ ಅದಕ್ಕೆ ಅರ್ಥ. ಇಂಜೆಕ್ಷನ್ ಹಾಕಿಸಿ ಮನೆಗೆ ಕಳಿಸಿಬಿಡುವುದನ್ನು ನಾನು ಚಿಕಿತ್ಸೆ ಎಂದು ಒಪ್ಪುವುದಿಲ್ಲ.

ವ್ಯಾಯಾಮ ನೋಡಲು ಏನೂ ಅಲ್ಲ ಅನಿಸುವಂಥದ್ದು. ಮೇಜಿಗೆ ಎಡಗೈ ಊರಿ ಬಾಗಿ ನಿಂತು ಬಲಗೈಯನ್ನು ಸಡಿಲ ಬಿಟ್ಟು ತೂಗುವುದು. ಅಂಗಾತ ಮಲಗಿ ಎಡಗೈಯಿಂದ ಬಲಗೈಯನ್ನು ಹಿಡಿದು ಮೇಲಕ್ಕೆ ತರುವುದು. ಮಲಗಿದ್ದಾಗ ಕೈಯ ಭಾರ ಭುಜಕ್ಕೆ ಅಷ್ಟಾಗಿ ಬೀಳುವುದಿಲ್ಲ, ಹಾಗಾಗಿ ನಿಂತಾಗ ಏಳದ ಕೈ ಮಲಗಿದಾಗ ಏಳುತ್ತದೆ. ಅಲ್ಲಿಂದ ಶುರು. ಸಹಾಯವಿಲ್ಲದೆ ಎತ್ತಲು ಬಂದ ಮೇಲೆ ತಲೆದಿಂಬು ಏರಿಸುತ್ತಾ ಅರೆ ಕೂತು, ಆಮೇಲೆ ಪೂರ್ತಿ ಕೂತು, ಕೊನೆಗೆ ನಿಂತು. ಮೊಣಕೈ ಪಕ್ಕೆಗೆ ಒತ್ತಿ ರಬ್ಬರ್ ಪಟ್ಟಿಯನ್ನು ಹೊರಕ್ಕೆ ಎಳೆಯುವುದು, ಕಿಟಕಿ ಸರಳಿಗೆ ಕಟ್ಟಿ ಹಿಂದಕ್ಕೆ ಎಳೆಯುವುದು. ಒಂದೇ ಸಲ ತಾಸುಗಟ್ಟಲೆ ಅಲ್ಲ, ದಿನಕ್ಕೆ ಮೂರ್ನಾಲ್ಕು ಸಲ ಸ್ವಲ್ಪ ಸ್ವಲ್ಪ. ಮಾಡುವಾಗ ಚೂರು ನೋವು ಸರಿ. ರಾತ್ರಿಯವರೆಗೂ ಉಳಿದರೆ ಮರುದಿನ ಕಡಿಮೆ ಮಾಡಬೇಕು. ರಾತ್ರಿ ಮಲಗುವಾಗ ಮೊಣಕೈ ಕೆಳಗೆ ಒಂದು ದಿಂಬು.

"ಇದೆಂತಾ ಔಷಧನೇ ಕೂಸೇ, ಬರೀ ಕೈ ಆಡ್ಸದು?" ಎಂದು ಆಯಿ ಕೇಳಿದ್ದು ಸುಮ್ನೆ ಅಲ್ಲ. ಗುಳಿಗೆ ಎಂದರೆ ಮನೆಮಂದಿಗೆಲ್ಲ ಲಕ್ಷ್ಯ. ಊರಿನಿಂದ ಅಣ್ಣ ಫೋನ್ ಮಾಡಿದರೂ "ಗುಳಿಗೆ ತಗಂಡ್ಯ?" ಎಂದೇ ಕೇಳುತ್ತಿದ್ದ. ವ್ಯಾಯಾಮ ಮಾಡಿದೆಯಾ ಎಂದು ಯಾರೂ ಕೇಳುತ್ತಿರಲಿಲ್ಲ. ಚೀಟಿಯಲ್ಲೂ ಗುಳಿಗೆಗಳ ಕೆಳಗೆ, ಕೊನೆಯ ಸಾಲಿನಲ್ಲಿ ಫಿಸಿಯೋಥೆರಪಿ ಎಂಬ ಒಂದು ಪದ. ಎಷ್ಟು ಹೊತ್ತು, ಎಷ್ಟು ವಾರ, ಯಾಕೆ ಅನ್ನುವುದು ಏನೂ ಇರುವುದಿಲ್ಲ. ಆ ಅಮೆರಿಕದ ಅಧ್ಯಯನದಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಒಂದು ಸಂಗತಿ ಇದೆ. ವ್ಯಾಯಾಮ ಬಿಟ್ಟು ಆಪರೇಷನ್ನಿಗೆ ಹೋದವರು ಹೆಚ್ಚಾಗಿ ಮೊದಲ 12 ವಾರಗಳಲ್ಲೇ ಹೋದರು. ಯಾರು ಹೋಗುತ್ತಾರೆ ಎಂಬುದನ್ನು ಎಲ್ಲಕ್ಕಿಂತ ಚೆನ್ನಾಗಿ ಹೇಳಿದ್ದು ಹರುಕಿನ ಅಳತೆಯೂ ಅಲ್ಲ, ನೋವಿನ ತೀವ್ರತೆಯೂ ಅಲ್ಲ. ವ್ಯಾಯಾಮದಿಂದ ಗುಣವಾಗುತ್ತದೆ ಎಂಬ ನಂಬಿಕೆ ಶುರುವಿನಲ್ಲಿ ಅವರಿಗೆ ಎಷ್ಟಿತ್ತು ಎಂಬುದು. ಹಾಗಿದ್ದರೆ ಆ ನಂಬಿಕೆ ಹುಟ್ಟಿಸುವುದೂ ಚಿಕಿತ್ಸೆಯ ಭಾಗವೇ ಆಯಿತಲ್ಲ. ಹತ್ತು ನಿಮಿಷ ಕೂತು ವಿವರಿಸುವ ಮನುಷ್ಯ ಬೇಕು. ನಮ್ಮ ಫಿಸಿಯೋ ಹುಡುಗಿ ಭುಜದ ಪ್ಲಾಸ್ಟಿಕ್ ಮಾದರಿ ತಂದು ಆಯಿಯ ಕೈಗೇ ಕೊಟ್ಟಳು. ಯಾವುದು ಹರಿದಿದೆ, ಯಾವುದು ಉಳಿದಿದೆ ಎಂದು ಬೆರಳಿಟ್ಟು ತೋರಿಸಿದಳು. "ಮೂರು ಚಲೋ ಇದ್ದು ಹಂಗಾರೆ" ಎಂದಳು ಆಯಿ. ಆ ದಿನದಿಂದ ನಾನು ನೆನಪಿಸಬೇಕಾಗಲಿಲ್ಲ.

ಆ ಕ್ಲಿನಿಕ್ಕಿನ ಬೆಂಚಿನಲ್ಲಿ ಒಬ್ಬರು ಮೀನು ಮಾರುವ ಅಮ್ಮ ಸಿಗುತ್ತಿದ್ದರು. ಆಯಿಗೂ ಅವರಿಗೂ ಮಾತು ಹತ್ತಿತು. "ಬುಟ್ಟಿ ತಲೆಗೆ ಏರ್ಸೂಕೆ ಒಬ್ರು ಬೇಕು, ಇಳ್ಸೂಕೆ ಒಬ್ರು ಬೇಕು. ದಿನಾ ಯಾರು ಬರ್ತ್ರು?" ಎನ್ನುತ್ತಿದ್ದರು. ಅವರಿಗೆ ತುರುಬು ಕಟ್ಟುವಷ್ಟು ಕೈ ಎದ್ದರೆ ಸಾಲದು. ಎರಡೂ ಕೈ ತಲೆಗಿಂತ ಮೇಲೆ, ಭಾರದ ಸಮೇತ ಏಳಬೇಕು. ಕ್ಲಿನಿಕ್ಕಿಗೆ ಬಂದ ಬೆಳಿಗ್ಗೆ ಮಾರ್ಕೆಟ್ ತಪ್ಪುತ್ತದೆ, ಮಾರ್ಕೆಟ್ ತಪ್ಪಿದರೆ ಆ ದಿನದ ದುಡಿಮೆ ಇಲ್ಲ. ಕೆಲವು ವಾರಗಳ ಮೇಲೆ ಅವರು ಬರುವುದು ನಿಂತಿತು. ವ್ಯಾಯಾಮಕ್ಕೆ ಖರ್ಚಿಲ್ಲ ಎಂದು ನಾವು ಸುಲಭವಾಗಿ ಹೇಳಿಬಿಡುತ್ತೇವೆ. ಅವರಿಗೆ ಅದು ತುಂಬಾ ದುಬಾರಿ.

ನಮ್ಮ ಜಿಲ್ಲೆಗೆ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಎಂಬ ಕೂಗು 2022ರಲ್ಲಿ ಮತ್ತೆ ಜೋರಾಗಿ ಎದ್ದಾಗ ನಾನೂ ದನಿಗೂಡಿಸಿದವಳು. ಈಗಲೂ ಅದು ಬೇಕೇ ಬೇಕು. ಆದರೆ ಮುದುಕರ ಭುಜದ ಮಟ್ಟಿಗೆ ಹೇಳುವುದಾದರೆ, ಹೋಬಳಿಗೆ ಒಬ್ಬರಂತೆ ಮನೆಬಾಗಿಲಿಗೆ ಹೋಗಿ ಕಲಿಸಿಕೊಡುವ ಫಿಸಿಯೋ ಸಿಕ್ಕರೆ ಹೆಚ್ಚು ಜನ ಕೈ ಎತ್ತುತ್ತಾರೆ ಎಂದು ನನ್ನ ನಂಬಿಕೆ.

ಕೊನೆಗೌಡರಿಗೆ ಆದದ್ದು

ಇಷ್ಟು ಓದಿ "ಹಾಗಾದರೆ ಭುಜಕ್ಕೆ ವ್ಯಾಯಾಮವೇ ಸಾಕು" ಎಂದು ಯಾರಾದರೂ ಅಂದುಕೊಂಡರೆ ನಾನು ಬರೆದದ್ದು ದಾರಿ ತಪ್ಪಿಸಿದಂತಾಗುತ್ತದೆ. ಕೊನೆಗೌಡರ ಕತೆ ಹೇಳಲೇಬೇಕು.

ಅವರಿಗೆ 60 ದಾಟಿತ್ತು. ಆದರೂ ಮರದಿಂದ ಮರಕ್ಕೆ ಹಾಯುತ್ತಿದ್ದವರು. ಆಷಾಢದಲ್ಲಿ ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಯುವ ಹೊತ್ತು. ಮರದಿಂದ ಬೀಳಲಿಲ್ಲ ಅವರು. ಹಳ್ಳದ ಸಂಕ ದಾಟುವಾಗ ಹಾವಸೆಗೆ ಕಾಲು ಜಾರಿತು. ಬೀಳುವಾಗ ಬಲಗೈಯಿಂದ ಸಂಕದ ಮರ ಹಿಡಿದು ಜೋತುಬಿದ್ದರು. ಭುಜದಲ್ಲಿ ಏನೋ ಕಿತ್ತ ಹಾಗಾಯಿತಂತೆ. ಹಿಂದಿನ ದಿನದವರೆಗೆ ಅಷ್ಟು ಎತ್ತರದ ಮರ ಹತ್ತಿದ ಕೈ ಮರುದಿನ ಬೆಳಿಗ್ಗೆ ಊಟದ ಬಟ್ಟಲಿನಿಂದ ಬಾಯಿಗೆ ಬರಲಿಲ್ಲ. ಎಕ್ಸ್‌ರೇ ತೆಗೆಸಿದರು. "ಎಲುಬು ಮುರಿದಿಲ್ಲ" ಎಂದರು. ಎಲ್ಲರೂ ನಿಟ್ಟುಸಿರು ಬಿಟ್ಟರು. ಎಕ್ಸ್‌ರೇಯಲ್ಲಿ ಟೆಂಡನ್ ಕಾಣುವುದಿಲ್ಲ ಎಂದು ಅಲ್ಲಿ ಯಾರೂ ಅವರಿಗೆ ಹೇಳಲಿಲ್ಲ. ಅಲ್ಟ್ರಾಸೌಂಡಿನಲ್ಲಿ, ಎಂಆರ್‌ಐಯಲ್ಲಿ ಕಾಣುತ್ತದೆ. ಉಳುಕು ತೆಗೆಯುವವರ ಹತ್ತಿರ ಹೋದರು. ಎಣ್ಣೆ, ಪಟ್ಟಿ, ಶಾಖ. ಮಳೆ ನಿಂತಿತು. ದೀಪಾವಳಿ ಮುಗಿದು ಕೊಯ್ಲು ಹತ್ತಿರ ಬಂದಾಗ ಕೈ ಇನ್ನೂ ಹೊಕ್ಕುಳ ಮಟ್ಟದಲ್ಲೇ ಇತ್ತು. ಆಗ ಎಂಆರ್‌ಐ ಆಯಿತು. ಎರಡು ಟೆಂಡನ್ ಕಿತ್ತು ಒಳಕ್ಕೆ ಸರಿದಿದ್ದವು. ಸ್ನಾಯು ಒಣಗಿ ಅದರ ಜಾಗದಲ್ಲಿ ಕೊಬ್ಬು ತುಂಬಿಕೊಳ್ಳುತ್ತಿತ್ತು. ಟೆಂಡನ್ ಕಿತ್ತು ಎಳೆತ ಇಲ್ಲದೆ ಬಿದ್ದ ಸ್ನಾಯುವಿಗೆ ಆಗುವುದು ಇದೇ. ಕೊಬ್ಬು ಕೂತ ಮೇಲೆ ಆಮೇಲೆ ಹೊಲಿದರೂ ಅದು ಮತ್ತೆ ಸ್ನಾಯು ಆಗುವುದಿಲ್ಲ.

ಬಿದ್ದ ಮೊದಲ ಕೆಲವು ವಾರಗಳಲ್ಲಿ ಸಿಕ್ಕಿದ್ದರೆ ಹೊಲಿಯಬಹುದಿತ್ತು ಎಂದರು ಡಾಕ್ಟರು. ನಿನ್ನೆಯವರೆಗೆ ಸರಿಯಿದ್ದ ಕೈ, ಬಿದ್ದ ಕೂಡಲೇ ಅಥವಾ ಏನನ್ನೋ ಜಗ್ಗಿದ ಕೂಡಲೇ ಏಳದೆ ಹೋದರೆ, ಎಕ್ಸ್‌ರೇ ಸರಿಯಿದೆ ಎಂದರೂ ಅಲ್ಲಿಗೆ ಬಿಡಬಾರದು. ಮೂಳೆ ಡಾಕ್ಟರ ಹತ್ತಿರ ಬೇಗ ಹೋಗಬೇಕು. ವಯಸ್ಸು 65 ಆಗಿರಲಿ, 70 ಆಗಿರಲಿ. ಈ ಇಡೀ ಬರಹದಲ್ಲಿ ಯಾರಾದರೂ ಒಂದನ್ನೇ ನೆನಪಿಟ್ಟುಕೊಳ್ಳುವುದಾದರೆ ಇದನ್ನೇ ಇಟ್ಟುಕೊಳ್ಳಲಿ ಎಂದು ಆಸೆ. ಆಯಿಯದು ವರ್ಷಗಟ್ಟಲೆ ಸವೆದು ಹರಿದದ್ದು, ಕಾಯಬಹುದಿತ್ತು. ಕೊನೆಗೌಡರದ್ದು ಒಂದು ಕ್ಷಣದಲ್ಲಿ ಕಿತ್ತದ್ದು, ಕಾಯಬಾರದಿತ್ತು. ವರದಿಯಲ್ಲಿ ಇಬ್ಬರಿಗೂ ಬರೆದದ್ದು "ಪೂರ್ತಿ ಹರಿದಿದೆ" ಎಂದೇ.

ಈಗ ಅವರು ನೆಲದ ಮೇಲೆ ನಿಂತು ಅಡಿಕೆ ಹೆಕ್ಕುತ್ತಾರೆ, ಮೊಮ್ಮಗನಿಗೆ ನೆಲದಿಂದಲೇ ಕೊನೆ ಕೊಯ್ಯುವ ಫೈಬರ್ ದೋಟಿ ಹಿಡಿಯಲು ಕಲಿಸುತ್ತಾರೆ. ದೋಟಿಯನ್ನು ಅವರಿಗೆ ಎತ್ತಿ ಹಿಡಿಯಲು ಆಗುವುದಿಲ್ಲ.

ಆಪರೇಷನ್ ಮನೆಗೆ ಬಂದರೆ

ಆಪರೇಷನ್ ಬೇಡ ಎಂಬ ವಾದ ನನ್ನದಲ್ಲ. ಮೂರು ತಿಂಗಳು ನಿಜವಾಗಿ ವ್ಯಾಯಾಮ ಮಾಡಿಯೂ ನಿದ್ದೆಯಿಲ್ಲದ ರಾತ್ರಿ ಮುಂದುವರಿದರೆ, ಕೈ ಬೇಕಾದಷ್ಟು ಏಳದಿದ್ದರೆ, ಅದು ಸರಿಯಾದ ದಾರಿಯೇ. ಈಗ ದುರ್ಬೀನಿನಿಂದ ಸಣ್ಣ ತೂತುಗಳಲ್ಲೇ ಹೊಲಿಗೆ ಹಾಕುತ್ತಾರೆ. ಆದರೆ ಹೊಲಿಗೆ ಹಿಡಿಯುವುದು ವಯಸ್ಸಿನ ಮೇಲೆ, ಟೆಂಡನ್ನಿನ ಗುಣದ ಮೇಲೆ ನಿಂತಿದೆ. ಫ್ರಾನ್ಸಿನಿಂದ 2005ರಲ್ಲಿ ಬಂದ ಒಂದು ವರದಿಯಲ್ಲಿ ಒಟ್ಟು ನೂರಕ್ಕೆ 71 ಜನರಲ್ಲಿ ಟೆಂಡನ್ ಪೂರ್ತಿ ಕೂಡಿತ್ತು, 65 ದಾಟಿದವರಲ್ಲಿ ಮಾತ್ರ 43. ಕೂಡದಿದ್ದವರಲ್ಲೂ ಎಷ್ಟೋ ಜನರ ನೋವು ಇಳಿದಿತ್ತು ಎಂಬುದೂ ನಿಜ. ಹೊಲಿಯಲು ಬಾರದಷ್ಟು ಹರಿದು, ಕೀಲೂ ಸವೆದು, ಕೈ ಏಳದಂತಾದ ಹಿರಿಯರಿಗೆ ಇನ್ನೊಂದು ದಾರಿ ಇದೆ, ರಿವರ್ಸ್ ಶೋಲ್ಡರ್. ಫ್ರಾನ್ಸಿನ ಪಾಲ್ ಗ್ರಾಮಾಂಟ್ ಎಂಬ ಸರ್ಜನ್ 1985ರಲ್ಲಿ ರೂಪಿಸಿದ ಕೃತಕ ಕೀಲು. ಗುಂಡು ಇರುವ ಕಡೆ ಗುಳಿ, ಗುಳಿ ಇರುವ ಕಡೆ ಗುಂಡು ಕೂರಿಸುತ್ತಾರೆ. ಆಗ ಬುಡ ಹಿಡಿಯುವ ಸ್ನಾಯುಗಳು ಇಲ್ಲದಿದ್ದರೂ ಡೆಲ್ಟಾಯ್ಡ್ ಒಂದೇ ಕೈ ಎತ್ತಬಲ್ಲದು. ಕೊನೆಗೌಡರಿಗೂ ಇದರ ಮಾತು ಬಂದಿತ್ತು. ಮರ ಹತ್ತುವ ಕೆಲಸ ಇದರಿಂದ ಮರಳಿ ಬರುವುದಿಲ್ಲ ಎಂದು ತಿಳಿದು, ಸದ್ಯ ನೋವು ಕಡಿಮೆ ಇರುವಾಗ ಬೇಡ ಎಂದರು. ಅವರ ಲೆಕ್ಕ ನನಗೆ ಸರಿ ಅನಿಸುತ್ತದೆ.

ಡಾಕ್ಟರುಗಳು ಅಷ್ಟಾಗಿ ಹೇಳದ, ಮನೆಯವರೇ ಮೊದಲು ಯೋಚಿಸಬೇಕಾದ ಸಂಗತಿ ಒಂದಿದೆ. ಹೊಲಿಗೆ ಹಾಕಿದ ಮೇಲೆ ನಾಲ್ಕರಿಂದ ಆರು ವಾರ ಕೈ ಜೋಳಿಗೆಯಲ್ಲಿ ಇರುತ್ತದೆ. ಆಮೇಲೆ ತಿಂಗಳುಗಟ್ಟಲೆ ಅದೇ ಫಿಸಿಯೋಥೆರಪಿ. ಆಪರೇಷನ್ ಮಾಡಿಸಿಕೊಂಡರೆ ವ್ಯಾಯಾಮ ತಪ್ಪುತ್ತದೆ ಎಂದು ನಂಬಿ ಹೋಗುವವರಿದ್ದಾರೆ, ತಪ್ಪುವುದಿಲ್ಲ. ನಮ್ಮ ಘಟ್ಟದ ಮೇಲಿನ ಮನೆಗಳಲ್ಲಿ ಈಗ ಇರುವುದು ಇಬ್ಬರೇ, ಮುದುಕ ಮುದುಕಿ. ಮಕ್ಕಳು ಬೆಂಗಳೂರಿನಲ್ಲಿ. ಬಲಗೈ ಕಟ್ಟಿಕೊಂಡ ಹೆಂಗಸಿಗೆ ಸ್ನಾನ ಮಾಡಿಸುವವರು, ಸೀರೆ ಉಡಿಸುವವರು, ಬಚ್ಚಲ ಒಲೆಗೆ ಬೆಂಕಿ ಹಾಕುವವರು, ಕೊಟ್ಟಿಗೆ ನೋಡುವವರು ಯಾರು? ಒಂದೇ ಕೈಯಲ್ಲಿ ತೋಲ ತಪ್ಪಿ ಒದ್ದೆ ಅಂಗಳದಲ್ಲಿ ಬಿದ್ದರೆ? ಮಳೆಗಾಲದಲ್ಲಿ ಘಟ್ಟದ ರಸ್ತೆ ಕುಸಿದರೆ ಹೊಲಿಗೆ ತೋರಿಸಲು ಹೋಗುವುದು ಹೇಗೆ? ಇವಕ್ಕೆ ಉತ್ತರ ಇದ್ದರೆ ಆಪರೇಷನ್ ಮಾಡಿಸಬೇಕು. ಇಲ್ಲದಿದ್ದರೆ ಉತ್ತರ ಹೊಂದಿಸಿಕೊಂಡು ತಿಂಗಳು ತಡವಾಗಿ ಮಾಡಿಸಬೇಕು. ಹಳೆಯ ಹರುಕಿಗೆ ಒಂದು ತಿಂಗಳಿನಲ್ಲಿ ಹೆಚ್ಚೇನೂ ಆಗುವುದಿಲ್ಲ.

ಆಯಿಗೆ ಆಪರೇಷನ್ ಬೇಕಾಗಲಿಲ್ಲ. ಮೂರು ತಿಂಗಳಾದ ಮೇಲೂ ವ್ಯಾಯಾಮ ಬಿಡಲಿಲ್ಲ. ತಲೆಯನ್ನು ಸ್ವಲ್ಪ ಬಲಕ್ಕೆ ಬಾಗಿಸಿ ತುರುಬು ತಾನೇ ಕಟ್ಟಿಕೊಳ್ಳುತ್ತಾಳೆ. ಬಲಮಗ್ಗುಲಿಗೆ ಮಲಗುವುದು ಇನ್ನೂ ಆಗುವುದಿಲ್ಲ, ಆದರೆ ರಾತ್ರಿ ಎದ್ದು ಕೂರುವುದಿಲ್ಲ. ಭಾರದ್ದನ್ನು ಮೇಲೆ ಇಡಲು ಈಗಲೂ ಅಣ್ಣನನ್ನೇ ಕರೆಯುತ್ತಾಳೆ. ಟೆಂಡನ್ ಮೊದಲಿನಂತೆ ಹರಿದೇ ಇದೆ.

ಈಚೆಗೆ ಎಡಭುಜವೂ ಒಮ್ಮೊಮ್ಮೆ ನೋಯುತ್ತದೆ ಎನ್ನುತ್ತಿದ್ದಾಳೆ. ನನಗೆ ಅಚ್ಚರಿಯಾಗಲಿಲ್ಲ. 66ರ ಮೇಲಿನವರಿಗೆ ಒಂದು ಭುಜದಲ್ಲಿ ನೋವಿನ ಜೊತೆ ಪೂರ್ತಿ ಹರುಕು ಇದ್ದರೆ ಇನ್ನೊಂದರಲ್ಲೂ ಇರುವ ಸಾಧ್ಯತೆ ಸುಮಾರು ಅರ್ಧಕ್ಕರ್ಧ ಎಂದು 2006ರ ಒಂದು ಅಧ್ಯಯನದಲ್ಲಿ ಓದಿದ್ದೆ. ಅವಳು ಯಾರನ್ನೂ ಕೇಳದೆ ಎಡಗೈಗೂ ಅದೇ ವ್ಯಾಯಾಮ ಶುರು ಮಾಡಿದ್ದಾಳೆ. ಸ್ಕ್ಯಾನ್ ಬೇಡ ಎನ್ನುತ್ತಾಳೆ. ಸ್ಕ್ಯಾನ್ ಬೇಡ, ಆ ಡಾಕ್ಟರು ಒಮ್ಮೆ ಕೈಯಿಂದ ಹಿಡಿದು ನೋಡಲಿ ಸಾಕು ಎಂದು ನಾನು ಹೇಳಿದ್ದೇನೆ. ಅಡಿಕೆ ಸುಲಿ ಮುಗಿದ ಮೇಲೆ ಬರುತ್ತೇನೆ ಎಂದಿದ್ದಾಳೆ.